ಬಿಲ್ಲಿಂಗ್ ಇನ್ನು ಮಧ್ಯದಲ್ಲಿ ನಿಲ್ಲುವುದಿಲ್ಲ

ಮುಂಬೈ ಕಡೆಯ ಮಾಟುಂಗಾ, ಸಯಾನ್, ಡೊಂಬಿವಲಿಯ ಹೋಟೆಲ್ ಮಾಲೀಕರಿಗೆ, ಗಲ್ಲಾದಲ್ಲಿ ಕೂರುವ ಎಲ್ಲರಿಗೂ ನಮಸ್ಕಾರ.

ಕಳೆದ ತಿಂಗಳು ನಾವು ಮಾಡಿದ ಅಪ್‌ಡೇಟಿನಿಂದ ಬಿಲ್ಲಿಂಗ್ ನಿಂತುಹೋದ ಆ ಭಾನುವಾರಕ್ಕೆ ಮೊದಲು ಕ್ಷಮೆ ಕೇಳುತ್ತೇವೆ. ಬಾಗಿಲಾಚೆ ಜನ ಸಾಲು ನಿಂತಿದ್ದರು, ಸ್ಕ್ರೀನಿನಲ್ಲಿ ಚಕ್ರ ಸುಮ್ನೆ ತಿರುಗುತ್ತಿತ್ತು. ಮಾಟುಂಗಾದ ಒಂದು ಗಲ್ಲಾದಲ್ಲಿದ್ದ ಹುಡುಗ ಹಳೇ ಬಿಲ್ಲಿನ ಹಿಂದೆ ಪೆನ್ನಲ್ಲಿ ಬರೆದ: "4ನೇ ಟೇಬಲ್, 2 ಇಡ್ಲಿ, 1 ಮಸಾಲೆ, 2 ಕಾಫಿ." ಆ ಚೀಟಿಯ ಫೋಟೋ ಈಗ ನಮ್ಮ ಆಫೀಸಿನ ಗೋಡೆ ಮೇಲಿದೆ. ತಪ್ಪು ನಮ್ಮದೇ.

ಆದರೆ ಒಂದು ಮಾತಿಗೆ ಉತ್ತರ ಕೊಡಲೇಬೇಕು. "ಚೆನ್ನಾಗಿ ನಡೀತಾ ಇರೋದನ್ನ ಯಾಕೆ ಮುಟ್ತೀರಿ?" ಫೋನ್ ಎತ್ತಿದರೆ ಇದೇ ಪ್ರಶ್ನೆ. 2017ರ ನವೆಂಬರ್ 15 ನೆನಪಿದೆ ಅಲ್ವಾ? ಹಿಂದಿನ ರಾತ್ರಿ ಎಸಿ ಹಾಲಿನ ಬಿಲ್ಲಿಗೆ ಶೇ. 18 ಜಿಎಸ್‌ಟಿ ಇತ್ತು, ಬೆಳಗಾದರೆ ಶೇ. 5. ಮುಟ್ಟದೆ ಕೂತಿದ್ದರೆ ಗಿರಾಕಿಗಳು ಜಗಳಕ್ಕೆ ಬರುತ್ತಿದ್ದದ್ದು ನಿಮ್ಮ ಹತ್ತಿರ. "ಹಾಗಾದ್ರೆ ರಾತ್ರಿ ಮಾಡಿ" ಅಂತೀರಿ. ಒಬ್ಬರು ಒಂದು ಗಂಟೆಗೆ ಗಲ್ಲಾ ಮುಚ್ಚುತ್ತೀರಿ, ಇನ್ನೊಬ್ಬರು ಐದಕ್ಕೇ ತೆಗೆಯುತ್ತೀರಿ. ಆ ನಡುವೆ ನಿದ್ದೆಗಣ್ಣಲ್ಲಿ ಮಾಡಿದ ಕೆಲಸವೇ ಭಾನುವಾರ ಕೈಕೊಟ್ಟದ್ದು.

ಅದಕ್ಕೇ ಪದ್ಧತಿ ಬದಲಿಸಿದ್ದೇವೆ. ನಿಮ್ಮಲ್ಲಿ ಸಪ್ಲೈಯರ್ ಶಿಫ್ಟ್ ಬದಲಾಗುವ ಹಾಗೆಯೇ ಇದು. ಹಳೇ ಕಂಟೇನರ್ (ಸರ್ವರಿನಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಓಡುವ ಡಬ್ಬಿ ಅನ್ನಿ) ಓಡುತ್ತಿರುವಾಗಲೇ ಪಕ್ಕದಲ್ಲಿ ಹೊಸದು ಶುರುವಾಗುತ್ತದೆ. ಅದು ಡೇಟಾಬೇಸ್ ಮುಟ್ಟಿ, ಒಂದು ಪರೀಕ್ಷೆಯ ಬಿಲ್ ಮಾಡಿ ತೋರಿಸಿದ ಮೇಲೇ ಬಾಗಿಲಲ್ಲಿ ನಿಂತು ದಾರಿ ತೋರಿಸುವ ಎಂಜಿನ್‌ಎಕ್ಸ್ ಎಂಬ ಪ್ರೋಗ್ರಾಂ ಹೊಸ ಆರ್ಡರುಗಳನ್ನು ಅದರ ಕಡೆ ತಿರುಗಿಸುತ್ತದೆ. ಹಳೆಯದು ಕೈಯಲ್ಲಿರುವ ಕೆಲಸ ಮುಗಿಸಿ ಹೋಗುತ್ತದೆ. ನಾವು ಬೇರೆ ಏನೂ ಹೇಳದಿದ್ದರೆ, ಕಂಟೇನರುಗಳನ್ನು ನಡೆಸುವ ಡಾಕರ್, ನಿಲ್ಲಿಸು ಎಂದ ಮೇಲೆ 10 ಸೆಕೆಂಡ್ ಮಾತ್ರ ಕಾದು ಕಂಟೇನರನ್ನು ಕೊಂದುಬಿಡುತ್ತದೆ. ದಿನದ ಲೆಕ್ಕದ ರಿಪೋರ್ಟಿಗೆ ಅಷ್ಟು ಸಾಲದು, 60 ಮಾಡಿದ್ದೇವೆ. ತೆರೆದಿಟ್ಟ ಬಿಲ್ ಈಗ ಕಂಟೇನರಿನ ಮೆಮೊರಿಯಲ್ಲಿಲ್ಲ, ಡೇಟಾಬೇಸಿನಲ್ಲಿದೆ. ಕಂಟೇನರ್ ಹೋದರೂ ಬಿಲ್ ಹೋಗುವುದಿಲ್ಲ. ಡೇಟಾಬೇಸಿನಲ್ಲೂ ಹೊಸ ಕಾಲಂ ಮೊದಲು ಸೇರಿಸುತ್ತೇವೆ. ಹಳೆಯದನ್ನು ತೆಗೆಯುವುದು ಮುಂದಿನ ಅಪ್‌ಡೇಟಿನಲ್ಲಿ. ಇಲ್ಲದಿದ್ದರೆ ಅಕ್ಕಪಕ್ಕ ಓಡುವ ಎರಡರಲ್ಲಿ ಒಂದು ಬೀಳುತ್ತದೆ.

ತಿಂಗಳಿಗೆ 150 ರೂಪಾಯಿ ಯಾಕೆ ಜಾಸ್ತಿ ಎಂದು ಕೇಳಿದಿರಿ. ಸ್ವಲ್ಪ ಬೇಸರವಾಯಿತು. ಎರಡು ಕಂಟೇನರ್ ಜೊತೆಗಿರುವುದು ಕೆಲವೇ ನಿಮಿಷ. ಆದರೆ ಅಷ್ಟು ಹೊತ್ತಿಗೆ ಬೇಕಾದ ಮೆಮೊರಿ ಇರುವ ದೊಡ್ಡ ಸರ್ವರಿಗೆ ಬಾಡಿಗೆ ಇಡೀ ತಿಂಗಳಿನದು. ಆ ದುಡ್ಡು ನಮ್ಮ ಜೇಬಿಗೆ ಬರುವುದಿಲ್ಲ. ತುಂಬಾ ಕಂಟೇನರುಗಳನ್ನು ಒಟ್ಟಿಗೆ ನೋಡಿಕೊಳ್ಳುವ ಕುಬರ್ನೆಟಿಸ್ ಹಾಕಿ ಎಂದು ಹಲವರು ಹೇಳಿದರು. ನಮ್ಮ ಎರಡು ಸರ್ವರಿಗೆ ಅದು ಬೇಡವೆಂದು ಬಿಟ್ಟೆವು, ನಿಮ್ಮ ಮೇಲೆ ಇನ್ನಷ್ಟು ಭಾರ ಬೀಳಬಾರದು ಅಂತ.

ಬರುವ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಹೊಸ ರೀತಿಯ ಮೊದಲ ಅಪ್‌ಡೇಟ್. ಹಗಲಲ್ಲೇ, ನಾವೆಲ್ಲ ಎಚ್ಚರವಿರುವಾಗ. ನೀವು ಏನೂ ಮಾಡಬೇಕಿಲ್ಲ, ಬಿಲ್ ಹಾಕುತ್ತಿರಿ. ಹಳೇ ಇಮೇಜ್, ಅಂದರೆ ಹಳೇ ಪ್ರೋಗ್ರಾಮಿನ ಪೂರ್ತಿ ಪ್ರತಿ, ಪಕ್ಕದಲ್ಲೇ ಇರುತ್ತದೆ, ಎಡವಟ್ಟಾದರೆ ತಕ್ಷಣ ಅದಕ್ಕೇ ಮರಳುತ್ತೇವೆ. ಆ ಹೊತ್ತಿಗೆ ನಮ್ಮಲ್ಲಿ ಒಬ್ಬರು ಮಾಟುಂಗಾದ ಅದೇ ಗಲ್ಲಾದ ಪಕ್ಕ ನಿಂತಿರುತ್ತೇವೆ.

ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನ ಹುಡುಗರು, ಡೊಂಬಿವಲಿ