ವಿಮಾನ ಮುಟ್ಟಬಾರದು, ತೊಗರಿ ತುಳಿಯಬಹುದು!

ಸಂಪಾದಕರೇ,

ಮೊನ್ನೆ ನಮ್ಮ ಸೇಡಂ ರಸ್ತೆ ಕಡೆ ಹೊಲದಲ್ಲಿ ತರಬೇತಿ ವಿಮಾನ ಇಳಿದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಫೋಟೊ ಚೆನ್ನಾಗಿದೆ. ಕೊನೆಯ ಸಾಲು ಓದಿ ಮಾತ್ರ ಚಹಾದ ಕಪ್ಪು ಕೆಳಗಿಟ್ಟೆ. 'ಅದೃಷ್ಟವಶಾತ್ ಯಾವುದೇ ಹಾನಿ ಸಂಭವಿಸಿಲ್ಲ' ಅಂತೆ. ಆ ಹೊಲ ನನ್ನದು. ಯಾರನ್ನು ಕೇಳಿ ಬರೆದಿರಿ?

ಹುಡುಗನಿಗೂ ಅವನಿಗೆ ಕಲಿಸುವವರಿಗೂ ಏನೂ ಆಗಲಿಲ್ಲ, ಅದು ದೇವರ ದಯೆ. ಆ ಹುಡುಗನನ್ನು ಬೈಯಲು ನಾನು ಬರೆಯುತ್ತಿಲ್ಲ. ಕೆಳಗೆ ಇಳಿದಾಗ ಅವನ ಕೈ ಎಷ್ಟು ನಡುಗುತ್ತಿತ್ತು ಅಂದರೆ, ನನ್ನ ಹೆಂಡತಿ ಕೊಟ್ಟ ನೀರಿನ ತಂಬಿಗೆ ಹಿಡಿಯಲೂ ಆಗಲಿಲ್ಲ. 'ಸಾರಿ ಅಂಕಲ್' ಅಂದ. ಇವತ್ತಿನ ತನಕ ಆ ಮಾತು ಬೇರೆ ಯಾರ ಬಾಯಿಂದಲೂ ಬಂದಿಲ್ಲ. ಎಂಜಿನ್ ಕೈಕೊಟ್ಟಿತೋ, ಲೆಕ್ಕ ತಪ್ಪಿತೋ, ತನಿಖೆ ಮಾಡುವವರು ನೋಡಿಕೊಳ್ಳಲಿ. ಶ್ರೀನಿವಾಸ ಸರಡಗಿಯ ವಿಮಾನ ನಿಲ್ದಾಣದಲ್ಲಿ 3,175 ಮೀಟರ್ ಉದ್ದದ ರನ್‌ವೇ ಇದೆ. ಅದು ಸಾಲದೆ ನನ್ನ ಎರಡು ಎಕರೆಯೂ ಬೇಕಾಯಿತಲ್ಲ ಅನ್ನುವುದೇ ನನ್ನ ಸಂಕಟ.

ನಿಜ ಹೇಳಬೇಕೆಂದರೆ ವಿಮಾನ ಕೆಡಿಸಿದ್ದು ಬರೀ ನಾಲ್ಕೈದು ಸಾಲು. ಮುಂದಿನ ಗಾಲಿ ಎರೆ ಮಣ್ಣಿನಲ್ಲಿ ಹೂತು, ಮೂಗು ನೆಲಕ್ಕೆ ಊರಿ, ಫ್ಯಾನಿನ ಅಲಗು ಬಾಳೆ ಎಲೆಯ ಹಾಗೆ ಹಿಂದಕ್ಕೆ ಮಡಚಿಕೊಂಡಿತ್ತು. ಹಸಿ ಎರೆ ಹೊಲದಲ್ಲಿ ಎತ್ತಿನ ಗಾಡಿಯೇ ನಿಲ್ಲುವುದಿಲ್ಲ, ಇನ್ನು ಅಷ್ಟು ಸಣ್ಣ ಗಾಲಿ ಏನು ಮಾಡೀತು? ರೆಕ್ಕೆಯ ಕೆಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ನೀಲಿ ಬಣ್ಣದ್ದು. ನೀಲಿ ಔಷಧವೇನಾದರೂ ಇರಬೇಕು ಅಂದುಕೊಂಡಿದ್ದೆ, ಇಂಥ ವಿಮಾನದ ಪೆಟ್ರೋಲ್ ಬಣ್ಣವೇ ಹಾಗಂತೆ. ಬೀಡಿ ಹಚ್ಚಬೇಡಿ ಅಂತ ಗಂಟಲು ಹರಿದುಕೊಂಡೆ. ಕೇಳುವವರು ಯಾರು?

ಅಷ್ಟೊತ್ತಿಗೆ ಅಲ್ಲಿ ಜಾತ್ರೆ ಸೇರಿತ್ತು. ಬೈಕು, ಟಂಟಂ, ಕಾರು ಎಲ್ಲ ರಸ್ತೆಯಲ್ಲೇ ಬಿಟ್ಟು ಜನ ಬದು ಹಾರಿ ಬಂದರು. ಕಾಯಿ ಕಟ್ಟುತ್ತಿದ್ದ ತೊಗರಿ. ಅದರ ಮೇಲೆ ನಿಂತು ಸೆಲ್ಫಿ. ಹಸಿ ಕಾಯಿ ಕಿತ್ತು ಬಿಡಿಸಿ ತಿನ್ನುತ್ತಾ, 'ಪಾಪ, ಯಾರ ಹೊಲವೋ' ಅಂತ ನನ್ನ ಎದುರೇ ಮರುಗಿದ ಪುಣ್ಯಾತ್ಮರೂ ಇದ್ದರು. ಸಂಜೆಗೆ ಮಿರ್ಚಿ ಭಜಿ ಬಂಡಿಯೂ ಬಂತು. ವ್ಯಾಪಾರ ಜೋರಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಪೊಲೀಸರು ಬಂದರು. ಹಗ್ಗ ತಂದಿರಲಿಲ್ಲ. ನನ್ನ ಎತ್ತಿನ ಹಗ್ಗವನ್ನೇ ಇಸಿದುಕೊಂಡು ವಿಮಾನದ ಸುತ್ತ ಕಟ್ಟಿದರು. ತನಿಖೆಯವರು ಬರುವ ತನಕ ವಿಮಾನವನ್ನು ಯಾರೂ ಮುಟ್ಟುವಂತಿಲ್ಲ, ಅದು ಕಾನೂನು. ಆಗಲಿ, ಒಪ್ಪಿದೆ. ಹಗ್ಗದ ಒಳಗೆ ವಿಮಾನ, ಹೊರಗೆ ಜನ. ಜನರ ಕಾಲ ಕೆಳಗೆ ಏನಿತ್ತು ಅಂತ ಯಾರಾದರೂ ಬಗ್ಗಿ ನೋಡಿದರಾ? ಎರಡು ರಾತ್ರಿ ಕಾವಲಿಗಿದ್ದವರಿಗೆ ಹೊರಸು, ಕಂಬಳಿ, ರೊಟ್ಟಿ, ಚಹಾ ಎಲ್ಲ ನಮ್ಮ ಮನೆಯಿಂದಲೇ ಹೋಯಿತು. ಹಗ್ಗ ಇನ್ನೂ ವಾಪಸ್ ಬಂದಿಲ್ಲ.

ಬೆಳೆ ವಿಮೆ ಕಟ್ಟಿದ್ದೇನೆ. 72 ಗಂಟೆಯೊಳಗೆ ತಿಳಿಸಬೇಕಲ್ವಾ, ಮರುದಿನವೇ ಫೋನ್ ಮಾಡಿದೆ. 'ಆಲಿಕಲ್ಲು ಮಳೆಯಾ, ಹೊಲದಲ್ಲಿ ನೀರು ನಿಂತದ್ದಾ?' ಅಂತ ಕೇಳಿದರು. ವಿಮಾನ ಅಂದೆ. ಆ ಕಡೆ ನಗು. ಅದಕ್ಕೆ ಕಾಲಂ ಇಲ್ಲವಂತೆ. ಆಲಿಕಲ್ಲು ಬೀಳುವುದೂ ಮೇಲಿಂದ, ಇದು ಬಿದ್ದದ್ದೂ ಮೇಲಿಂದ, ವ್ಯತ್ಯಾಸ ಏನ್ರೀ ಅಂದರೆ ಫೋನ್ ಇಟ್ಟುಬಿಟ್ಟರು. ತರಬೇತಿ ಶಾಲೆಯವರು ಪಂಚನಾಮೆ ಕಾಗದ ತನ್ನಿ ಅನ್ನುತ್ತಾರೆ. ಪಂಚನಾಮೆಗೆ ತಲಾಟಿ ಬೇಕು. ತಲಾಟಿಗೆ ಪಹಣಿ ಬೇಕು. ವಿಮಾನ ಇಳಿದ ಹೊಲ ನನ್ನದೇ ಅನ್ನುವುದಕ್ಕೆ ಸಾಕ್ಷಿ ಬೇಕಂತೆ! ಇಳಿಯುವ ಮುಂಚೆ ವಿಮಾನ ಪಹಣಿ ನೋಡಿತ್ತೇ?

ನಮ್ಮ ಶರಣಬಸಪ್ಪನವರು ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ಕಾಳು ತಿನ್ನಲಿ ಅಂತ ಬಿಟ್ಟು, ಕುಡಿಯಲು ನೀರೂ ಇಟ್ಟರಂತೆ. ಅವರು ಶರಣರು. ನಾನು ಸೊಸೈಟಿ ಸಾಲ ತೀರಿಸಬೇಕಾದವನು.

ಇದೊಂದೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. 2022ರಲ್ಲಿ ನೆಟೆ ರೋಗ ಬಂದು ತೊಗರಿ ನಿಂತಲ್ಲೇ ಒಣಗಿದಾಗಲೂ ಇದೇ ಓಡಾಟ, ಇದೇ ಟೇಬಲ್‌ಗಳು, ಇದೇ 'ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ'. ನಮ್ಮ ಹೊಲದ ದಾರಿಯ ಸಿಡಿ, ಅಂದರೆ ನೀರು ಹಾಯುವ ಸಣ್ಣ ಸೇತುವೆ, ಮುರಿದು ಎಷ್ಟು ಮಳೆಗಾಲ ಆಯಿತೋ. ಮೊನ್ನೆ ಮಾತ್ರ ಎಂಟು ಜೀಪು ಅದೇ ದಾರಿಯಲ್ಲಿ ಕುಣಿಯುತ್ತಾ ಬಂದವು, ಹಾಗಾಗಿ ಸಾಹೇಬರಿಗೆ ದಾರಿಯ ಪರಿಚಯವಾದರೂ ಆಯಿತು. ವೇದಿಕೆ ಹತ್ತಿದರೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ 371 (ಜೆ) ಅನ್ನುತ್ತಾರೆ, ಕಲ್ಯಾಣ ಕರ್ನಾಟಕ ಅನ್ನುತ್ತಾರೆ. 2008ರಲ್ಲಿ ಈ ನಿಲ್ದಾಣಕ್ಕೆ ಅಡಿಗಲ್ಲು ಇಟ್ಟಾಗ ನಾನೂ ಪಟಗ ಸುತ್ತಿಕೊಂಡು ಹೋಗಿ ಚಪ್ಪಾಳೆ ತಟ್ಟಿದವನೇ. ಉದ್ಘಾಟನೆ ಆಗಲು 2019 ಬರಬೇಕಾಯಿತು. ಬೆಂಗಳೂರಿಗೆ ನಾನು ಈಗಲೂ ರೈಲಿನಲ್ಲೇ ಹೋಗುವುದು. ನನ್ನ ಪಾಲಿಗೆ ಬಂದ ವಿಮಾನ ಇದೊಂದೇ.

ಹುಡುಗರು ಕಲಿಯಲಿ. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಿಸಬೇಕಂತೆ, ಹಾರಿಸಲಿ. ಆದರೆ ನಮ್ಮ ತಲೆ ಮೇಲೆ ಬೇಡ, ಅಥವಾ ನಮ್ಮ ತಲೆ ಮೇಲೇ ಹಾರಿಸುವುದಾದರೆ ಕೆಳಗಿರುವವರ ಲೆಕ್ಕ ಯಾರು ಕೊಡುತ್ತಾರೆ ಅಂತ ಬರೆದು ಕೊಡಲಿ. ಪರಿಹಾರ ಕೊಡಲಿ. ಕೊಡದಿದ್ದರೆ ಸಿಡಿಯನ್ನಾದರೂ ಕಟ್ಟಿಸಲಿ. ಸಂಬಂಧಪಟ್ಟವರು ಒಮ್ಮೆ ಬಂದು ಹೊಲ ನೋಡಲಿ, ಆದರೆ ಬದುವಿನ ಮೇಲೆ ನಡೆದು ಬರಲಿ. ಬರುವಾಗ ನನ್ನ ಹಗ್ಗ ತರಲಿ.

– ಹೊಲದ ಮಾಲೀಕ, ಸೇಡಂ ರಸ್ತೆ, ಕಲಬುರಗಿ