ಸಂಬಳ ಎಷ್ಟು ಅಂತ ಕೇಳಿದ್ಯಲ್ಲ, ಗಂಟೆ ಲೆಕ್ಕ ಹೇಳ್ತೀನಿ ಕೇಳು

ಲೋ ಮಗಾ,

ಹಬ್ಬಕ್ಕೆ ಬಂದಾಗ ಅರಳಿಕಟ್ಟೆ ಮೇಲೆ ಕೂತು, ತಮ್ಮನ್ನ ಯಾವ ಲೈನಿಗೆ ಹಾಕ್ಲಿ, ಯಾವ್ದ್ರಲ್ಲಿ ದುಡ್ಡು ಜಾಸ್ತಿ ಅಂತ ಕೇಳ್ದೆ, ಬಸ್ಸಿಗೆ ಟೈಮಾಗಿತ್ತು, ಸರಿಯಾಗಿ ಹೇಳೋಕಾಗ್ಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕ್ದೆ ಕಣೋ, ಗಂಟೆಗೆ ಎಷ್ಟು ಬೀಳುತ್ತೆ ಅಂತ.

ನಂದೇ ತಗೋ. ಕೈಗೆ 42,000 ಬರುತ್ತೆ. ಆಫೀಸಲ್ಲಿ 9 ಗಂಟೆ, ವಿಜಯನಗರದಿಂದ ವೈಟ್‌ಫೀಲ್ಡಿಗೆ ಹೋಗಿ ಬರೋಕೆ 3 ಗಂಟೆ, 22 ದಿನಕ್ಕೆ 264 ಗಂಟೆ ಆಯ್ತು, ಗಂಟೆಗೆ 159 ರೂಪಾಯಿ. ರಾತ್ರಿ ಹತ್ತಕ್ಕೆ ಬರೋ ಕಾಲ್‌ಗಳು ಇದ್ರಲ್ಲಿ ಸೇರಿಲ್ಲ, ನಮ್ಗೆ ಓಟಿ, ಅಂದ್ರೆ ಹೆಚ್ಚಿಗೆ ದುಡಿದ ಗಂಟೆಗೆ ಕೊಡೋ ದುಡ್ಡೂ ಇಲ್ಲ. ಪಕ್ಕದ್ಮನೆ ಆಂಟಿ ಪೀಣ್ಯದಲ್ಲಿ ಗಾರ್ಮೆಂಟ್ಸ್ ಟೈಲರ್, ಅವ್ರಿಗೆ ಕಾನೂನು ಪ್ರಕಾರ ವಾರಕ್ಕೆ 48 ಗಂಟೆ, ಅದ್ರ ಮೇಲೆ ದುಡಿಸಿದ್ರೆ ಡಬಲ್ ಕೊಡ್ಬೇಕು, ಆದ್ರೆ ಸಂಬಳ ನನ್ನ ಅರ್ಧಾನೂ ಇಲ್ಲ. ರಾಜ್ಯ ಸರ್ಕಾರಿ ನೌಕರಿಯಾದ್ರೆ ರಾಜ್ಯದ ಏಳನೇ ವೇತನ ಆಯೋಗ ಬಂದ್ಮೇಲೆ ಕನಿಷ್ಠ ಮೂಲ ವೇತನಾನೇ 27,000.

2023ರಲ್ಲಿ ನಾರಾಯಣ ಮೂರ್ತಿ ಅವ್ರು ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದಾಗ ನಂಗೆ ನೆನಪಾಗಿದ್ದು ನಮ್ಮಕ್ಕ. ಆಶಾ ಕಾರ್ಯಕರ್ತೆ, ನಿಂಗೊತ್ತಲ್ಲ. ಹೋದ್ಸಲ ನಾನು ಊರಲ್ಲಿದ್ದಾಗ ರಾತ್ರಿ ಎರಡಕ್ಕೆ ಫೋನು, ಯಾರ ಮನೇಲೋ ಹೆರಿಗೆ ನೋವು. ಕರೆಂಟಿಲ್ಲ, ಮೊಬೈಲ್ ಟಾರ್ಚಲ್ಲೇ ಪಿಂಕ್ ಸೀರೆ ಉಟ್ಕೊಂಡು, ಫ್ಲಾಸ್ಕಿಗೆ ಬಿಸಿನೀರು ತುಂಬ್ಕೊಂಡು 108 ಹತ್ತಿದ್ಲು. ವಾಪಸ್ ಬಂದಿದ್ದು ಮಧ್ಯಾಹ್ನ ಹನ್ನೆರಡಕ್ಕೆ, ಊಟಾನೂ ಮಾಡ್ದೆ ಹಂಗೇ ಗೋಡೆಗೆ ಒರಗಿ ನಿದ್ದೆ ಹೋದ್ಲು. ಆಸ್ಪತ್ರೇಲಿ ಹೆರಿಗೆ ಮಾಡ್ಸಿದ್ದಕ್ಕೆ ಬರೋ ಪ್ರೋತ್ಸಾಹಧನ 300 ರೂಪಾಯಿ, ಹತ್ತು ಗಂಟೆಗೆ! ಆಮೇಲೆ 42 ದಿನದೊಳಗೆ ಆರು ಸಲ ಆ ಕೂಸಿನ ಮನೆಗೆ ಹೋಗಿ ತೂಕ ನೋಡ್ಬೇಕು, ಮೈ ಬಿಸಿ ನೋಡ್ಬೇಕು, ಬರ್ಕೋಬೇಕು, ಆರಕ್ಕೂ ಸೇರಿ 250. ಅಕ್ಕಂಗೆ ಬರೋ ದುಡ್ಡನ್ನ ಸಂಬಳ ಅಂತಾನೂ ಕರೆಯಲ್ಲ, ಗೌರವಧನ, ಪ್ರೋತ್ಸಾಹಧನ ಅಂತಾರೆ, ಯಾಕಂದ್ರೆ ಕಾಗದದಲ್ಲಿ ಅವ್ಳು ಸ್ವಯಂಸೇವಕಿ.

2025ರ ಜನವರಿ ಚಳೀಲಿ ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಆಶಾ ಕಾರ್ಯಕರ್ತೆಯರ ಹೋರಾಟಕ್ಕೆ ಬಂದಿದ್ಲು, ನಾನು ಬೆಡ್‌ಶೀಟ್ ಕೊಟ್ಟು ಬಂದೆ. ತಿಂಗಳಿಗೆ ಕನಿಷ್ಠ 10,000 ಕೊಡ್ತೀವಿ ಅಂತ ಸರ್ಕಾರ ಒಪ್ಕೊಂಡ್ಮೇಲೇ ಎದ್ದಿದ್ದು ಅವ್ರು. ನಂಗೆ ಆ ಹತ್ತು ಸಾವ್ರ ಕಮ್ಮಿ ಅಂತ್ಲೇ ಅನ್ಸುತ್ತೆ.

ತಮ್ಮಂಗೆ ಹೇಳು, ಇಂಟರ್ವ್ಯೂಗೆ ಹೋದಾಗ ಸಂಬಳದ ಜೊತೆ ಶಿಫ್ಟು, ಓಟಿ, ರಜೆ ಎಲ್ಲಾ ಕೇಳ್ಲಿ, ನಾಚ್ಕೋಬಾರ್ದು. ಮತ್ತೆ ಪೋಲಿಯೋ ಹಾಕೋಕೆ ಅಕ್ಕ ನಿಮ್ ಬೀದಿಗೆ ಬಂದ್ರೆ ಒಳಗ್ ಕರ್ದು ಕೂರ್ಸಿ ಒಂದು ಲೋಟ ಮಜ್ಜಿಗೆ ಕೊಡೋ.

ನಿನ್ನ ಗೆಳೆಯ