ಪುಟಾಣಿಗಳ ಪುಸ್ತಕವನ್ನು ಓದಿ ಹೇಳುವವರೇ ಆರಿಸಲಿ

ಸಂಪಾದಕರಿಗೆ,

ಮಾನ್ಯರೇ,

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಮುಂದೆ ‘ಅರಿವು ಕೇಂದ್ರ’ಗಳಾದ ಮೇಲೆ ಅಲ್ಲಿ ಶಾಲಾ ಮಕ್ಕಳ ಓಡಾಟ ಕಾಣುತ್ತಿರುವುದು ಸಂತೋಷದ ಸಂಗತಿ. ಆದರೆ ಇನ್ನೂ ಅಕ್ಷರ ಕಲಿಯದ, ಅಂಗನವಾಡಿಯ 3ರಿಂದ 6 ವರ್ಷದ ಮಕ್ಕಳಿಗೆ ಓದಿ ಹೇಳಬಹುದಾದ ಪುಸ್ತಕಗಳು ನಾನು ಕಂಡ ಕಪಾಟುಗಳಲ್ಲಿ ವಿರಳ. ಮಕ್ಕಳ ವಿಭಾಗವೆಂದು ತೋರಿಸುವ ಕಡೆ ಇರುವುದು ಮಹಾಪುರುಷರ ಜೀವನಚರಿತ್ರೆ, ಸಾಮಾನ್ಯ ಜ್ಞಾನ ಮತ್ತು ಒತ್ತೊತ್ತಾಗಿ ಅಚ್ಚಾದ ನೀತಿಕಥೆಗಳು. ಅವು ಬೇಡವೆಂದಲ್ಲ, ನಾಲ್ಕು ವರ್ಷದ ಮಗುವಿಗೆ ಅವು ಸಲ್ಲುವುದಿಲ್ಲ.

ಪುಸ್ತಕ ಆರಿಸುವವರೇ ಒಬ್ಬರು, ಅದನ್ನು ಮಕ್ಕಳೆದುರು ಓದುವವರೇ ಇನ್ನೊಬ್ಬರು ಆಗಿರುವುದು ಇದಕ್ಕೆ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಪಟ್ಟಿಯಲ್ಲಿ ಹೆಸರು, ಪುಟ, ಬೆಲೆ ನೋಡಿ ತೀರ್ಮಾನಿಸುವವರಿಗೆ, ಪುಟಕ್ಕೊಂದೇ ಸಾಲಿರುವ 16 ಪುಟದ ಚಿತ್ರಪುಸ್ತಕ ದುಬಾರಿಯಾಗಿಯೂ ಬಡಕಲಾಗಿಯೂ ಕಾಣುವುದು ಸಹಜ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಆಕೆ ಬೇರೆಯದನ್ನೇ ನೋಡುತ್ತಾಳೆ: ಪುಸ್ತಕವನ್ನು ಎತ್ತಿ ಹಿಡಿದರೆ ಹಿಂದಿನ ಸಾಲಿನ ಮಗುವಿಗೂ ಚಿತ್ರ ಕಾಣುವುದೇ, ಮಕ್ಕಳು ದನಿಗೂಡಿಸುವಂತೆ ಮರಳಿ ಮರಳಿ ಬರುವ ಮಾತಿದೆಯೇ, ವಾಕ್ಯ ನಾಲಿಗೆಯ ಮೇಲೆ ಸಲೀಸಾಗಿ ಹೊರಳುವುದೇ. ಅನುವಾದಿತ ಪುಸ್ತಕಗಳು ಹೆಚ್ಚಾಗಿ ಎಡವುವುದು ಈ ಕೊನೆಯದರಲ್ಲಿ. ಚಿತ್ರ ಎಷ್ಟೇ ಸೊಗಸಾಗಿದ್ದರೂ ಕನ್ನಡ ಗ್ರಾಂಥಿಕವಾಗಿದ್ದರೆ, ಓದುವವರು ಪ್ರತಿ ಪುಟದಲ್ಲೂ ತಡೆದು ತಮ್ಮ ಮಾತಿಗೆ ತಿರುಗಿಸಿಕೊಳ್ಳಬೇಕಾಗುತ್ತದೆ. ಮೂರು ತುಂಬದ ಮಕ್ಕಳಿಗಂತೂ, ಹರಿಯದ, ಬಾಯಿಗಿಟ್ಟರೂ ಕೆಡದ ದಪ್ಪ ರಟ್ಟಿನ ಹಾಳೆಗಳ ಪುಸ್ತಕವೇ ಬೇಕು. ಕನ್ನಡದಲ್ಲಿ ಅಂಥವು ಇಂದಿಗೂ ಕಡಿಮೆ.

ಕಥೆಯ ಹೊತ್ತಿಗೂ ಸ್ವಲ್ಪ ಸಿದ್ಧತೆ ಬೇಕು. ಈ ವಯಸ್ಸಿಗೆ ಹದಿನೈದು ಇಪ್ಪತ್ತು ನಿಮಿಷ ಧಾರಾಳವಾಯಿತು. ಮೊದಲು ಎಲ್ಲರೂ ಕೂಡುವಂತೆ ಒಂದು ಅಭಿನಯ ಗೀತೆ, ಆಮೇಲೆ ಒಂದೇ ಪುಸ್ತಕ, ಮಕ್ಕಳು ಕೇಳಿದರೆ ಅದೇ ಪುಸ್ತಕ ಮತ್ತೊಮ್ಮೆ, ಮುಂದಿನ ವಾರವೂ ಬೇಕಾದರೆ ಅದೇ. ಹೊಸದನ್ನು ಓದಲಿಲ್ಲವೆಂದು ಮೇಲಧಿಕಾರಿಗಳು ಆಕ್ಷೇಪಿಸಬಾರದು. ಗೊತ್ತಿರುವ ಕಥೆಯಲ್ಲಿ ಮುಂದಿನ ಮಾತನ್ನು ತಾನೇ ಮೊದಲು ಹೇಳುವುದರಲ್ಲಿ ಮಗುವಿಗೆ ಕಲಿಕೆಯೂ ಇದೆ, ಹಿಗ್ಗೂ ಇದೆ. ಮುಗಿದ ಕೂಡಲೇ ‘ಈ ಕಥೆಯ ನೀತಿ ಏನು?’ ಎಂದು ಕೇಳುವ ನಮ್ಮ ಹಳೆಯ ಚಾಳಿಯನ್ನು ದಯವಿಟ್ಟು ಬಿಡೋಣ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ಲಂಬಾಣಿ ಆಡುವ ಮಕ್ಕಳಿದ್ದಲ್ಲಿ ನಡುನಡುವೆ ಆ ಭಾಷೆಯ ಮಾತೂ ಬರಲಿ.

ಹಣದ ಕೊರತೆಯೊಂದನ್ನೇ ಮುಂದೊಡ್ಡುವಂತಿಲ್ಲ. ಮಕ್ಕಳ ಪುಸ್ತಕಗಳ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ, ಅವನ್ನು ಮುದ್ರಿಸಿಕೊಳ್ಳಲೂ ಅನುಮತಿಯಿದೆ. ಆಸ್ತಿ ತೆರಿಗೆಯ ಜೊತೆಗೆ ಸಾರ್ವಜನಿಕರು ಗ್ರಂಥಾಲಯ ಕರವನ್ನೂ ತೆರುತ್ತಿದ್ದಾರೆ.

ಆದ್ದರಿಂದ, ಮಕ್ಕಳ ಪುಸ್ತಕಗಳ ಆಯ್ಕೆಯಲ್ಲಿ ಅಂಗನವಾಡಿ ಕಾರ್ಯಕರ್ತೆಯರಿಗೂ ಗ್ರಂಥಾಲಯ ಮೇಲ್ವಿಚಾರಕರಿಗೂ ಸ್ಥಾನ ಕೊಡಬೇಕು, ಖರೀದಿಗೆ ಮುನ್ನ ಮಾದರಿ ಪ್ರತಿಗಳನ್ನು ಕೆಲವು ಅಂಗನವಾಡಿಗಳಲ್ಲಿ ಮಕ್ಕಳೆದುರು ಓದಿಸಿ ನೋಡಬೇಕು, ನವೆಂಬರ್ 14ರಿಂದ ನಡೆಯುವ ಗ್ರಂಥಾಲಯ ಸಪ್ತಾಹಕ್ಕಷ್ಟೇ ಕಾಯದೆ ವಾರಕ್ಕೊಂದು ಬೆಳಿಗ್ಗೆಯನ್ನು ಅರಿವು ಕೇಂದ್ರಗಳಲ್ಲಿ ಪುಟಾಣಿಗಳಿಗೆಂದೇ ಮೀಸಲಿಡಬೇಕು ಎಂದು ಸಂಬಂಧಪಟ್ಟ ಇಲಾಖೆಗಳನ್ನು ಕೋರುತ್ತೇನೆ.

— ನಿವೃತ್ತ ಶಿಕ್ಷಕಿ, ಶಿವಮೊಗ್ಗ ಜಿಲ್ಲೆ